ಟ್ರ್ಯಾಕ್ಟರಿನ ಟೆಂಪರೇಚರ್ ಸೆನ್ಸರ್: ನೀವೇ ನೋಡಿ, ನೀವೇ ಬದಲಿಸಿ

ಟ್ರ್ಯಾಕ್ಟರಿನ ಸ್ಟೇರಿಂಗ್ ಮುಂದೆ ಇರುವ ಮೀಟರುಗಳಲ್ಲಿ ನಾವು ದಿನಾ ನೋಡುವುದು ಡೀಸೆಲ್ ಮುಳ್ಳನ್ನು. ಬಾಡಿಗೆ ಲೆಕ್ಕಕ್ಕೆ ಗಂಟೆ ಮೀಟರು ನೋಡುತ್ತೇವೆ. ಆಯಿಲ್ ದೀಪ ಹೊತ್ತಿದರೆ ಎದೆ ಧಸಕ್ ಅನ್ನುತ್ತದೆ. ನೀರಿನ ಬಿಸಿ ತೋರಿಸುವ ಟೆಂಪರೇಚರ್ ಮುಳ್ಳು ಮಾತ್ರ ಯಾರಿಗೂ ಬೇಡವಾದ ಕೂಸು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಟೈರು ನೋಡುತ್ತೇವೆ, ಹೈಡ್ರಾಲಿಕ್ ಎತ್ತಿಸಿ ನೋಡುತ್ತೇವೆ, ಹೊಗೆಯ ಬಣ್ಣ ನೋಡುತ್ತೇವೆ. ಈ ಮುಳ್ಳು ಸತ್ತು ಬಿದ್ದಿದ್ದರೆ, "ಅದೇನ್ ಬಿಡ್ರಿ, ಅದಿಲ್ಲದಿದ್ರೂ ಓಡ್ತದೆ" ಅನ್ನುತ್ತಾನೆ ಮಾರುವವ. ಓಡುವುದು ನಿಜ. ಎಲ್ಲಿಯತನಕ ಅನ್ನುವುದೇ ಪ್ರಶ್ನೆ.

ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಟ್ರ್ಯಾಕ್ಟರು ವರ್ಷವಿಡೀ ದುಡಿಯುವುದಿಲ್ಲ. ಆದರೆ ದುಡಿಯುವ ದಿನಗಳಲ್ಲಿ ಬೆಂಕಿ ಮೇಲೆ ದುಡಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಟ್ಟಿ ನೆಲ ಸೀಳುವ ಉಳುಮೆ, ಮಳೆ ಬಿದ್ದ ಕೂಡಲೇ ಹಗಲು ರಾತ್ರಿ ಬಿತ್ತಿಗೆ, ಆಮೇಲೆ ಹೊಟ್ಟು ಧೂಳಿನ ನಡುವೆ ರಾಶಿ. ಎರೆ ಹೊಲದಲ್ಲಿ ಹಿಂಗಾರಿ ಬಿತ್ತುವ ಹದ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಇಂಜಿನ್ ಕೂತರೆ ಇಂಜಿನ್ ಕೆಲಸದ ಖರ್ಚಿಗಿಂತ ಬಿತ್ತದೆ ಬಿಟ್ಟ ಹೊಲದ ಲೆಕ್ಕವೇ ದೊಡ್ಡದು. ಇದನ್ನು ತಪ್ಪಿಸುವ ಭಾಗ ಕೈ ಹೆಬ್ಬೆರಳಿನಷ್ಟಿದೆ. ಬಿಚ್ಚಿ ಹಾಕಲು ಅರ್ಧ ಗಂಟೆ ಸಾಕು. ಆದರೆ ಬಿಚ್ಚುವ ಮೊದಲು ಕೆಟ್ಟಿರುವುದು ಅದೇನಾ ಅಂತ ತಿಳಿಯಬೇಕು. ಅಂಗಡಿಗೆ ಹೋಗಿ ಹೊಸದು ತಂದು ಹಾಕಿ, ಮುಳ್ಳು ಮತ್ತೆ ಅಲ್ಲಾಡದೆ, "ಡೂಪ್ಲಿಕೇಟ್ ಮಾಲು ಕೊಟ್ಟ" ಅಂತ ಅಂಗಡಿಯವನನ್ನು ಬೈಯುವವರೇ ಹೆಚ್ಚು.

ಅದು ಕೆಲಸ ಮಾಡುವ ಬಗೆ

ಇಂಜಿನ್ ಹೆಡ್ಡಿನ ಮೇಲೋ, ಥರ್ಮೋಸ್ಟಾಟ್ ಕೂರುವ ಮನೆಯ ಪಕ್ಕದಲ್ಲೋ ಹಿತ್ತಾಳೆಯ ಒಂದು ನಟ್ಟಿನಂಥದ್ದು ತಿರುಚಿ ಕೂರಿಸಿರುತ್ತಾರೆ. ಅದರ ತಲೆಗೆ ಒಂದೇ ವೈರು ಬಂದಿರುತ್ತದೆ. ಇದೇ ಸೆನ್ಸರ್. ಕೆಲವರು ಟೆಂಪರೇಚರ್ ಬಲ್ಬ್ ಅಂತಾರೆ, ಅಂಗಡಿಯಲ್ಲಿ ಸೆಂಡರ್ ಅಂದರೂ ಕೊಡುತ್ತಾರೆ. ಅದರ ಬುಡ ಒಳಗೆ ಹರಿಯುವ ನೀರಿನಲ್ಲಿ ಮುಳುಗಿರುತ್ತದೆ. ಒಳಗೆ ಒಂದು ಸಣ್ಣ ಬಿಲ್ಲೆ ಇದೆ, ಥರ್ಮಿಸ್ಟರ್ ಅಂತ ಹೆಸರು. ತಣ್ಣಗಿದ್ದಾಗ ಅದು ಕರೆಂಟನ್ನು ಬಹಳ ತಡೆಯುತ್ತದೆ, ಬಿಸಿಯಾದಷ್ಟೂ ದಾರಿ ಬಿಡುತ್ತದೆ.

ಬ್ಯಾಟರಿಯ ಕರೆಂಟು ಕೀ ಮುಖಾಂತರ ಮೀಟರಿಗೆ ಬಂದು, ಮೀಟರಿನಿಂದ ಆ ಒಂದೇ ವೈರಿನಲ್ಲಿ ಸೆನ್ಸರಿಗೆ ಹೋಗಿ, ಸೆನ್ಸರಿನ ಮೈಯಿಂದ ಇಂಜಿನ್ ಬಾಡಿಗೆ ಇಳಿಯುತ್ತದೆ. ಹರಿಯುವ ಕರೆಂಟು ಕಡಿಮೆ ಇದ್ದರೆ ಮುಳ್ಳು ತಣ್ಣನೆ ಕಡೆಗೆ, ಹೆಚ್ಚಾದರೆ ಬಿಸಿ ಕಡೆಗೆ. ಇಷ್ಟೇ ಕತೆ. ಎರಡನೇ ವೈರು ಇಲ್ಲ, ಇಂಜಿನ್ ಮೈಯೇ ಎರಡನೇ ವೈರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಹಳ ಕಡೆ ಬೇಕಾಗುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿದಿರಾ? ವೈರು ಕಡಿದರೂ ಕರೆಂಟು ಹರಿಯುವುದಿಲ್ಲ, ಸೆನ್ಸರ್ ಒಳಗೆ ತುಂಡಾದರೂ ಹರಿಯುವುದಿಲ್ಲ, ತುಕ್ಕು ಹಿಡಿದು ಇಂಜಿನ್ ಮೈಗೆ ಸಂಪರ್ಕ ತಪ್ಪಿದರೂ ಹರಿಯುವುದಿಲ್ಲ. ಆಗೆಲ್ಲ ಮುಳ್ಳು ತೋರಿಸುವುದು ಒಂದನ್ನೇ: ಇಂಜಿನ್ ತಣ್ಣಗಿದೆ ಅಂತ. ಅಂದರೆ ಈ ವ್ಯವಸ್ಥೆ ಕೆಟ್ಟಾಗ ಬಹುಮಟ್ಟಿಗೆ ಸಿಹಿ ಸುದ್ದಿಯನ್ನೇ ಹೇಳುತ್ತದೆ. ಮುಳ್ಳು ಮೇಲೆ ಹೋದರೆ ಗಾಬರಿಯಾಗಿ ನಿಲ್ಲಿಸುತ್ತೇವೆ, ಅದು ಒಳ್ಳೆಯದೇ. ಕೆಳಗೆ ಮಲಗಿದ ಮುಳ್ಳೇ ನನ್ನ ಪ್ರಕಾರ ಹೆಚ್ಚು ಅಪಾಯದ್ದು.

ನೀರೇ ಇಲ್ಲದಾಗ

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಸೆನ್ಸರ್ ಅಳೆಯುವುದು ಇಂಜಿನ್ನಿನ ಬಿಸಿಯನ್ನಲ್ಲ, ತನ್ನ ಬುಡಕ್ಕೆ ತಾಗಿದ ನೀರಿನ ಬಿಸಿಯನ್ನು. ಹೋಸ್ ಪೈಪು ಒಡೆದು ನೀರೆಲ್ಲ ಸೋರಿಹೋದರೆ ಅದರ ಬುಡ ಗಾಳಿಯಲ್ಲಿ ನೇತಾಡುತ್ತದೆ. ಗಾಳಿ ನೀರಿನಂತೆ ಬಿಸಿ ಮುಟ್ಟಿಸುವುದಿಲ್ಲ. ಆಗ ಇಂಜಿನ್ ಒಳಗೆ ಸುಡುತ್ತಿದ್ದರೂ ಮುಳ್ಳು ಮೇಲೇರದೆ ಕೆಳಗೆ ಇಳಿಯಲೂಬಹುದು.

ನಮ್ಮ ಪಕ್ಕದ ಹಳ್ಳಿಯಲ್ಲಿ ಹೀಗೇ ಆಯಿತು. ಹಿಂಗಾರಿಗೆ ಮೊದಲು ರೋಟವೇಟರ್ ಹೊಡೆಯುತ್ತಿದ್ದರು. ಓಡಿಸುತ್ತಿದ್ದವ ಕೂಲಿಯ ಹುಡುಗ. ರೇಡಿಯೇಟರಿನ ಕೆಳಗಿನ ಹೋಸ್ ಕ್ಲಿಪ್ ಹತ್ತಿರ ಸೀಳಿತ್ತು. ಮುಳ್ಳು ನಡುವಿನಿಂದ ಸ್ವಲ್ಪ ಮೇಲೆ ಹೋದದ್ದನ್ನು ಅವನು ನೋಡಿದ್ದ. ಆಮೇಲೆ ಅದೇ ಮುಳ್ಳು ನಿಧಾನ ಕೆಳಗೆ ಬಂತು. ಗಾಳಿ ಬೀಸಿ ತಣ್ಣಗಾಯಿತು ಅಂದುಕೊಂಡು ಇನ್ನೆರಡು ಸುತ್ತು ಹೊಡೆದ. ಇಂಜಿನ್ ಸಪ್ಪಳ ಭಾರವಾಗಿ, ತಾನಾಗಿಯೇ ನಿಂತಿತು, ಮತ್ತೆ ತಿರುಗಲಿಲ್ಲ. ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಸುಟ್ಟಿತ್ತು, ಒಂದು ಪಿಸ್ಟನ್ ಲೈನರಿಗೆ ಕಚ್ಚಿತ್ತು. ಗಾಡಿ ರಿಪೇರಿಯಾಗಿ ಬರುವಷ್ಟರಲ್ಲಿ ಹೊಲ ಬಿರುಕು ಬಿಟ್ಟಿತ್ತು. ಹುಡುಗನನ್ನು ಎಲ್ಲರೂ ಬೈದರು. ಮುಳ್ಳು ಕೆಳಗೆ ಬಂದರೂ ನಿಲ್ಲಿಸಬೇಕು ಅಂತ ಅವನಿಗೆ ಯಾರು ಹೇಳಿಕೊಟ್ಟಿದ್ದರು?

ದುಡಿಮೆಯ ನಡುವೆ ಮುಳ್ಳು ಏರಿದರೂ ನಿಲ್ಲಿಸಿ, ಕಾರಣವಿಲ್ಲದೆ ಇಳಿದರೂ ನಿಲ್ಲಿಸಿ. ಇಳಿದು ಇಂಜಿನ್ ಕೆಳಗೆ ನೆಲ ನೋಡಿ. ನೀರು ಹೋಗಿದ್ದರೆ ಒಡನೆ ತಣ್ಣೀರು ಸುರಿಯಬೇಡಿ. ಕಾದ ಹೆಡ್ಡಿಗೆ ತಣ್ಣೀರು ಬಿದ್ದರೆ ಸೀಳುತ್ತದೆ, ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ. ಮುಟ್ಟುವಷ್ಟು ಆರುವತನಕ ಕಾಯಲೇಬೇಕು.

ಮುಂಜಾನೆಯ ಪರೀಕ್ಷೆ

ಇಂಜಿನ್ ಪೂರ್ತಿ ತಣ್ಣಗಿರುವ ಬೆಳಗಿನ ಹೊತ್ತು ಪರೀಕ್ಷೆಗೆ ಒಳ್ಳೆಯದು. ಮೊದಲು ರೇಡಿಯೇಟರಿನ ಮುಚ್ಚಳ ತೆಗೆದು ನೀರು ಇದೆಯಾ ನೋಡಿ. ನೀರೇ ಕಡಿಮೆ ಇದ್ದರೆ ಅದನ್ನು ತುಂಬಿ, ಎಲ್ಲಿ ಹೋಯಿತು ಅಂತ ಹುಡುಕಿ. ಸೆನ್ಸರ್ ಕತೆ ಆಮೇಲೆ.

ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿ. ಮುಳ್ಳು ತಣ್ಣನೆ ಕಡೆ ಇರಬೇಕು. ತಣ್ಣನೆಯ ಇಂಜಿನ್ನಿನಲ್ಲೇ ಮುಳ್ಳು ಟಕ್ಕಂತ ಬಿಸಿಯ ಕೊನೆಗೆ ಹಾರಿದರೆ ಎಲ್ಲೋ ವೈರು ಮೈ ಸವೆದು ಇಂಜಿನ್ನಿಗೆ ತಾಗುತ್ತಿದೆ, ಇಲ್ಲವೇ ಸೆನ್ಸರ್ ಒಳಗೆ ಶಾರ್ಟ್ ಆಗಿದೆ. ಸೆನ್ಸರಿನ ತಲೆಯಿಂದ ವೈರು ಕೀಳಿ. ಮುಳ್ಳು ಕೆಳಗೆ ಬಂದರೆ ತಪ್ಪು ಸೆನ್ಸರಿನದು. ಬರಲಿಲ್ಲವೆಂದರೆ ವೈರಿನದು. ವೈರು ಸವೆಯುವುದು ಹೆಚ್ಚಾಗಿ ಹೆಡ್ಡಿನ ಮೂಲೆಗೆ ಉಜ್ಜುವಲ್ಲಿ, ಬಾನೆಟ್ ಕಬ್ಜದ ಹತ್ತಿರ. ಶೆಡ್ಡಿನಲ್ಲಿ ನಿಂತ ಗಾಡಿಗೆ ಇಲಿಯ ಕಾಟ ಬೇರೆ. ಕಾಳಿನ ಚೀಲದ ಪಕ್ಕ ಟ್ರ್ಯಾಕ್ಟರ್ ನಿಲ್ಲಿಸುವವರು ಇದನ್ನು ಮೊದಲು ನೋಡಿ.

ಈಗ ಹೆಚ್ಚಾಗಿ ಕಾಣುವ ತೊಂದರೆ: ಇಂಜಿನ್ ಬಿಸಿಯಾದರೂ ಮುಳ್ಳು ಏಳದು. ವೈರು ಕಿತ್ತು, ಕೀ ಆನ್ ಇಟ್ಟು, ವೈರಿನ ತುದಿಯನ್ನು ಇಂಜಿನ್ನಿನ ಬಣ್ಣ ಇಲ್ಲದ ಬರಿ ಕಬ್ಬಿಣಕ್ಕೆ ಕ್ಷಣಕಾಲ ತಾಗಿಸಿ. ಒಬ್ಬರು ಮೀಟರ್ ನೋಡುತ್ತಾ ಕೂತಿರಲಿ. ಮುಳ್ಳು ಬಿಸಿ ಕಡೆಗೆ ಪೂರ್ತಿ ಓಡಿದರೆ ಮೀಟರೂ ಸರಿ, ವೈರೂ ಸರಿ. ಸಂಶಯ ಸೆನ್ಸರಿನ ಮೇಲೆ. ಮುಳ್ಳು ಏಳದಿದ್ದರೆ ಹೊಸ ಸೆನ್ಸರ್ ತಂದು ಪ್ರಯೋಜನವಿಲ್ಲ, ವೈರು, ಫ್ಯೂಸು, ಮೀಟರು ನೋಡಬೇಕು. ಮುಳ್ಳು ಮೇಲೆ ಹೋದ ಕೂಡಲೇ ವೈರು ತೆಗೆಯಿರಿ, ಬಹಳ ಹೊತ್ತು ಹಿಡಿದರೆ ಮೀಟರಿಗೆ ಒಳ್ಳೆಯದಲ್ಲ.

ಸಂಶಯ ಅಂದೆ, ತೀರ್ಪು ಅಲ್ಲ. ಸೆನ್ಸರ್ ಚೆನ್ನಾಗಿದ್ದು ಅದರ ಮೈಗೆ ಇಂಜಿನ್ ಸಂಪರ್ಕ ತಪ್ಪಿರಬಹುದು. ಮಾರುವ ಮುಂಚೆ ಇಂಜಿನ್ನಿಗೆ ಅಂದ ಚೆಂದ ಅಂತ ಬಣ್ಣ ಬಳಿದಿರುತ್ತಾರಲ್ಲ, ಥ್ರೆಡ್ಡಿಗೂ ಬಣ್ಣ ಇಳಿದಿರುತ್ತದೆ. ಸೋರುತ್ತದೆ ಅಂತ ಯಾರೋ ಬಿಳಿ ಪ್ಲಂಬಿಂಗ್ ಟೇಪನ್ನು ದಂಡಿಯಾಗಿ ಸುತ್ತಿರುತ್ತಾರೆ. ಒಂದು ತುಂಡು ವೈರಿನ ಒಂದು ತುದಿಯನ್ನು ಸೆನ್ಸರಿನ ಹಿತ್ತಾಳೆ ಮೈಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೂ ಹಿಡಿದು, ಇಂಜಿನ್ ಬಿಸಿ ಇರುವಾಗ ನೋಡಿ. ಫ್ಯಾನಿನಿಂದ ವೈರು ದೂರ ಇರಲಿ. ಮುಳ್ಳು ಎದ್ದರೆ ಸೆನ್ಸರ್ ಜೀವಂತ ಇದೆ, ಬಿಚ್ಚಿ ಥ್ರೆಡ್ಡು ಉಜ್ಜಿ ಹಾಕಿದರೆ ಸಾಕು.

ಡೀಸೆಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಜೋಡಿ ಎತ್ತುಗಳ ಹಾಗೆ ಒಟ್ಟಿಗೆ ಏಳುವುದು ಬೀಳುವುದು ಮಾಡಿದರೆ ಸೆನ್ಸರ್ ಮುಟ್ಟಲೇಬೇಡಿ. ಎರಡಕ್ಕೂ ಸೇರಿದ ಕರೆಂಟಿನ ದಾರಿಯಲ್ಲಿ, ಇಲ್ಲವೇ ಡ್ಯಾಶ್ ಬೋರ್ಡಿನ ಅರ್ತಿಂಗಿನಲ್ಲಿ ಸಡಿಲ ಇದೆ.

ಬಿಸಿನೀರಿನ ಪಾತ್ರೆಯಲ್ಲಿ

ಇನ್ನೂ ಖಾತ್ರಿ ಬೇಕೆಂದರೆ ಸೆನ್ಸರ್ ಬಿಚ್ಚಿ ಅಡುಗೆ ಮನೆಗೆ ತನ್ನಿ. ಹಳೆಯ ಪಾತ್ರೆ ಇರಲಿ, ಮನೆಯವರ ಬಾಯಿಗೆ ಸಿಗಬೇಡಿ. ಮೋಟರು ರಿಪೇರಿಗೆ ಅಂತ ಈಗ ಬಹಳ ಜನರಲ್ಲಿ ಮಲ್ಟಿಮೀಟರ್ ಇದೆ. ಅದನ್ನು ಓಮ್ ಅಳತೆಗೆ ಇಟ್ಟು, ಒಂದು ಮೊನೆ ಸೆನ್ಸರಿನ ತಲೆಗೆ, ಇನ್ನೊಂದು ಅದರ ಮೈಗೆ. ಬುಡವಷ್ಟೇ ನೀರಿನಲ್ಲಿ ಮುಳುಗುವಂತೆ ಸಣ್ಣ ತಂತಿಯಲ್ಲಿ ತೂಗುಹಾಕಿ, ಪಾತ್ರೆಯ ತಳಕ್ಕೆ ತಾಗಬಾರದು. ನೀರು ಕಾಯುತ್ತಾ ಹೋದ ಹಾಗೆ ಅಂಕಿ ಒಂದೇ ಸಮನೆ ಇಳಿಯುತ್ತಾ ಬರಬೇಕು. ಬಹಳ ಗಾಡಿಗಳಿಗೆ ಹಾಕುವ ಒಂದು ಬಗೆಯ ಸೆನ್ಸರಿನಲ್ಲಿ 40 ಡಿಗ್ರಿಗೆ ಸುಮಾರು 290 ಓಮ್, 80 ಡಿಗ್ರಿಗೆ ಸುಮಾರು 70, 100 ಡಿಗ್ರಿಗೆ 40ರ ಹತ್ತಿರ ಬರುತ್ತದೆ. ನಿಮ್ಮ ಗಾಡಿಯದ್ದು ಬೇರೆ ಇರಬಹುದು, ಕಂಪನಿಯಿಂದ ಕಂಪನಿಗೆ ಅಂಕಿ ಬದಲಾಗುತ್ತದೆ. ಅಂಕಿ ಎಷ್ಟು ಎನ್ನುವುದಕ್ಕಿಂತ ಇಳಿಯುವ ರೀತಿ ಮುಖ್ಯ. ತಟಕ್ಕನೆ ಹಾರಿದರೆ, ಅಲ್ಲಾಡಿಸಿದಾಗ ಬದಲಾದರೆ, ಕುದಿದರೂ ಅಲ್ಲೇ ನಿಂತರೆ ಅದರ ಆಯಸ್ಸು ಮುಗಿದಿದೆ.

ನಮ್ಮ ಬಯಲುಸೀಮೆಯ ಊರುಗಳು ಸಮುದ್ರಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ನೀರು 98 ಡಿಗ್ರಿಗೇ ಕುದಿಯುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಕೊರೋನಾ ಕಾಲದಲ್ಲಿ ತಂದಿಟ್ಟ, ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಇದಕ್ಕೆ ಹಿಡಿಯಲು ಹೋಗಬೇಡಿ. ಅದು ಮನುಷ್ಯರ ಜ್ವರಕ್ಕೆ ಮಾಡಿದ್ದು.

ಅದೇ ಪಾತ್ರೆಯಲ್ಲಿ ಥರ್ಮೋಸ್ಟಾಟನ್ನೂ ನೋಡಿಬಿಡಿ. ಒಳಗಿನ ಮೇಣ ಕರಗಿ ಹಿಗ್ಗಿದಾಗ ಬಾಯಿ ತೆರೆಯುವ ಸಾಮಾನು ಅದು. ಎಷ್ಟಕ್ಕೆ ತೆರೆಯಬೇಕೆಂದು ಅದರ ಮೇಲೆಯೇ ಬರೆದಿರುತ್ತದೆ, ಹೆಚ್ಚಾಗಿ 80 ಡಿಗ್ರಿಯ ಆಸುಪಾಸು. ಎಷ್ಟೋ ಗಾಡಿಗಳಲ್ಲಿ ಅದನ್ನು ಕಿತ್ತೇ ಎಸೆದಿರುತ್ತಾರೆ. ನಮ್ಮ ಬಿಸಿಲಿಗೆ ಅದು ಬೇಡ ಅಂತ ಮೇಸ್ತ್ರಿಗಳ ವಾದ. ನನಗೆ ಅದು ಒಪ್ಪಿಗೆ ಇಲ್ಲ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಹಗುರ ಕೆಲಸದಲ್ಲಿ ಬೇಕಾದಷ್ಟು ಬಿಸಿಯನ್ನೇ ಏರುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಲೈನರಿನ ಗೋಡೆ ತೊಳೆದು ಆಯಿಲ್‌ಗೆ ಇಳಿಯುತ್ತದೆ, ಸವೆತ ಹೆಚ್ಚು, ಡೀಸೆಲ್ಲೂ ಹೆಚ್ಚು. ಮುಳ್ಳು ಸದಾ ಕೆಳಗೇ ಇರುತ್ತದೆ, ಸೆನ್ಸರ್ ಕೆಟ್ಟಿದೆ ಅಂತ ನಾವು ಹೊಸದು ತರುತ್ತೇವೆ. ಅದೂ ಕೆಳಗೇ ತೋರಿಸುತ್ತದೆ, ಏಕೆಂದರೆ ಅದು ನಿಜ ಹೇಳುತ್ತಿದೆ.

ಹೊಸದು ತರುವಾಗ

ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಗಾಡಿಯ ಹೆಸರು, ಮಾಡೆಲ್, ತಯಾರಾದ ವರ್ಷ ಬರೆದುಕೊಂಡಿರಿ. ಥ್ರೆಡ್ಡು ಕೂಡಿದರೆ ಸಾಲದು. ಒಳಗಿನ ಓಮ್ ಲೆಕ್ಕ ನಿಮ್ಮ ಮೀಟರಿಗೆ ಹೊಂದದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಅಚ್ಚುಕಟ್ಟಾಗಿ ಕೂತಿತು ಅಂತ ಬೇರೆ ಗಾಡಿಯದ್ದನ್ನು ಹಾಕಿಕೊಂಡರೆ ಕುದಿಯುವ ನೀರಿಗೂ ಮುಳ್ಳು ನಡುವಿನಲ್ಲೇ ನಿಂತೀತು. ಇಂಥದ್ದು ಇದ್ದೂ ಇಲ್ಲದ್ದಕ್ಕಿಂತ ಕಡೆ.

ಇನ್ನೊಂದು ಗೊಂದಲ ಇದೆ. ಕೆಲವು ಇಂಜಿನ್‌ಗಳಲ್ಲಿ ಅಕ್ಕಪಕ್ಕ ಎರಡು ಇರುತ್ತವೆ. ಒಂದು ಮುಳ್ಳಿಗೆ, ಇನ್ನೊಂದು ಕೆಂಪು ದೀಪಕ್ಕೆ ಇಲ್ಲವೇ ಬಜರಿಗೆ. ಎರಡನೆಯದು ಸೆನ್ಸರ್ ಅಲ್ಲ, ಸ್ವಿಚ್ಚು. ಗೊತ್ತುಮಾಡಿದ ಬಿಸಿಗೆ ಒಮ್ಮೆಲೇ ಕೂಡಿಕೊಳ್ಳುತ್ತದೆ, ನಡುವೆ ಏನೂ ಇಲ್ಲ. ನೋಡಲು ಅವಳಿ ಮಕ್ಕಳ ಹಾಗಿರುತ್ತವೆ. ವೈರು ಅದಲು ಬದಲಾದರೆ ಎರಡೂ ಕೆಲಸ ಕೆಡುತ್ತದೆ.

ಹಳೆಯ ಟ್ರ್ಯಾಕ್ಟರುಗಳಲ್ಲಿ ವೈರೇ ಇಲ್ಲದ ಮೀಟರ್ ಇರುತ್ತದೆ. ಇಂಜಿನ್ನಿನಿಂದ ಸಣ್ಣ ತಾಮ್ರದ ಕೊಳವೆ ನೇರ ಮೀಟರಿಗೆ ಬಂದಿರುತ್ತದೆ. ಅದರ ಬುಡದಲ್ಲಿ ಬೇಗ ಆವಿಯಾಗುವ ದ್ರವ ಇದೆ, ಅದರ ಒತ್ತಡವೇ ಮುಳ್ಳನ್ನು ದೂಡುತ್ತದೆ. ಕರೆಂಟಿನ ಯಾವ ಪರೀಕ್ಷೆಯೂ ಇದಕ್ಕೆ ಇಲ್ಲ. ಕೊಳವೆ ಮುರಿದರೆ, ಮಡಚಿ ಸೀಳಿದರೆ ಬೆಸುಗೆ ಹಾಕಿ ಉಳಿಸಲಾಗದು. ಮೀಟರು, ಕೊಳವೆ, ಬುಡ ಮೂರೂ ಸೇರಿ ಒಂದೇ ಸೆಟ್ಟಾಗಿ ಬದಲಿಸಬೇಕು. ಉದ್ದ ಹೆಚ್ಚಾಯಿತು ಅಂತ ಕತ್ತರಿಸಬೇಡಿ, ಹಗ್ಗದ ಹಾಗೆ ದೊಡ್ಡ ಸುತ್ತು ಸುತ್ತಿ ಕಟ್ಟಿ.

2023ರ ಜನವರಿಯಿಂದ 50 ಎಚ್.ಪಿ.ಗಿಂತ ದೊಡ್ಡ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಕಟ್ಟುನಿಟ್ಟಿನ ನಿಯಮ ಬಂದ ಮೇಲೆ ಅಂಥವುಗಳ ಡೀಸೆಲ್ ಲೆಕ್ಕವನ್ನು ಕಂಪ್ಯೂಟರ್ ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ. ಅಲ್ಲಿ ಸೆನ್ಸರಿಗೆ ಎರಡು ಅಥವಾ ಹೆಚ್ಚು ವೈರು ಇರುತ್ತವೆ, ಬರುವುದು 12 ವೋಲ್ಟ್ ಅಲ್ಲ, 5 ವೋಲ್ಟ್. ಅದರ ವೈರನ್ನು ಇಂಜಿನ್ ಮೈಗೆ ತಾಗಿಸಿ ನೋಡುವ ಆಟ ಬೇಡ. ಅದು ಸರ್ವಿಸ್ ಸೆಂಟರಿನವರ ಕೆಲಸ. ನಾನು ಹೇಳುತ್ತಿರುವುದು ಒಂದೇ ವೈರಿನ ಸಾದಾ ಗಾಡಿಗಳ ಮಾತು. ನಮ್ಮಂಥ ಸಣ್ಣ ಹಿಡುವಳಿದಾರರ ಬಳಿ ಹೆಚ್ಚು ಇರುವುದು ಅವೇ.

ಬದಲಿಸುವುದು

ಇಂಜಿನ್ ಪೂರ್ತಿ ಆರಿರಬೇಕು. ಬಿಸಿ ಇದ್ದಾಗ ಮುಚ್ಚಳ ತೆಗೆಯಲೇಬಾರದು, ಎಷ್ಟೋ ಜನ ಮುಖ ಕೈ ಬೇಯಿಸಿಕೊಂಡಿದ್ದಾರೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಡುತ್ತದೆ. ಆ ಒತ್ತಡದಿಂದ ನೀರು 110 ಡಿಗ್ರಿಯಾದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತಿರುವಿದ ಕ್ಷಣ ಒತ್ತಡ ಹೋಗಿ ಎಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಕುದಿ ಕಾಣಲಿಲ್ಲ ಅಂತ ನಂಬಿ ಮುಚ್ಚಳಕ್ಕೆ ಕೈಹಾಕುವವರೇ ಇದಕ್ಕೆ ಸಿಗುವುದು.

ಕೀ ಆಫ್ ಮಾಡಿ. ಮುಚ್ಚಳ ತೆಗೆದು, ಕೆಳಗಿನ ನಲ್ಲಿ ಬಿಟ್ಟು, ನೀರಿನ ಮಟ್ಟ ಸೆನ್ಸರಿಗಿಂತ ಕೆಳಗೆ ಬರುವಷ್ಟು ಇಳಿಸಿ. ಸೆನ್ಸರ್ ಮೇಲುಗಡೆ ಇರುವುದರಿಂದ ಪೂರ್ತಿ ಖಾಲಿ ಮಾಡಬೇಕಾಗಿಲ್ಲ. ಕೂಲಂಟ್ ಹಾಕಿದ್ದರೆ ಶುಭ್ರ ಬಕೆಟಿನಲ್ಲಿ ಹಿಡಿದಿಟ್ಟರೆ ಮತ್ತೆ ಹಾಕಬಹುದು. ಆದರೆ ಆ ಬಕೆಟ್ ದನ ಕರು, ನಾಯಿ, ಮಕ್ಕಳಿಗೆ ಸಿಗದ ಕಡೆ ಇರಲಿ. ಕೂಲಂಟಿನಲ್ಲಿರುವ ಗ್ಲೈಕಾಲ್ ಸಿಹಿ, ವಿಷ. ಮೂತ್ರಪಿಂಡ ಕೆಡಿಸುತ್ತದೆ. ನೆಲಕ್ಕೆ ಚೆಲ್ಲಿದರೆ ಮಣ್ಣು ಹಾಕಿ ಮುಚ್ಚಿ, ದನದ ನೀರಿನ ಬಾನಿಯ ಬಳಿ ಈ ಕೆಲಸವೇ ಬೇಡ.

ವೈರು ತೆಗೆದು ಸೆನ್ಸರಿನ ಸುತ್ತ ಮಣ್ಣು ಎಣ್ಣೆ ಬಟ್ಟೆಯಿಂದ ಒರೆಸಿ. ಬಿಚ್ಚಿದಾಗ ಕಸ ಒಳಗೆ ಬೀಳಬಾರದು. ಸ್ಪಾನರ್ ಹೆಚ್ಚಾಗಿ 17, 19 ಇಲ್ಲವೇ 22ನೇ ನಂಬರಿನದು ಹೊಂದುತ್ತದೆ. ರಿಂಗ್ ಸ್ಪಾನರ್ ಅಥವಾ ಉದ್ದ ಬಾಕ್ಸ್ ಒಳ್ಳೆಯದು. ಸ್ಕ್ರೂ ಸ್ಪಾನರ್ ಹಾಕಿದರೆ ಹಿತ್ತಾಳೆಯ ಮೂಲೆ ಉರುಟಾಗಿ ಹೋಗುತ್ತದೆ. ಹಟ ಹಿಡಿದು ಕೂತಿದ್ದರೆ ಸೀಮೆಎಣ್ಣೆಯ ಬದಲಿಗೆ ಈಗ ಸಿಗುವ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಜೋರು ಮಾಡಿದರೆ ತಲೆ ಮುರಿದು ಬುಡ ಒಳಗೇ ಉಳಿಯುತ್ತದೆ. ಆಮೇಲೆ ಅರ್ಧ ಗಂಟೆಯ ಕೆಲಸ ಲೇತ್ ಅಂಗಡಿಯ ಕೆಲಸವಾಗುತ್ತದೆ.

ತೆಗೆದ ಸೆನ್ಸರಿನ ಬುಡ ನೋಡಿ. ಬಿಳಿ ಸುಣ್ಣದ ಹೊರೆ ಹಿಡಿದಿದ್ದರೆ ಇಂಜಿನ್ ಒಳಗೂ ಹಾಗೇ ಹಿಡಿದಿದೆ ಎಂದು ಅರ್ಥ. ಕೆಂಪು ರಾಡಿ ಇದ್ದರೆ ತುಕ್ಕು. ಎಣ್ಣೆ ಜಿಡ್ಡು ಕಂಡರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಯೋಚಿಸಬೇಕು, ಅದು ಬೇರೆಯೇ ಕತೆ.

ರಂಧ್ರದ ಥ್ರೆಡ್ಡನ್ನು ಬಟ್ಟೆಯಿಂದ ಒರೆಸಿ ಹೊಸದನ್ನು ಮೊದಲು ಕೈಯಿಂದಲೇ ತಿರುಗಿಸಿ. ಎರಡು ಮೂರು ಸುತ್ತು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಅಡ್ಡ ಕೂತಿದೆ, ತೆಗೆದು ಮತ್ತೆ ಕೂರಿಸಿ. ಥ್ರೆಡ್ಡಿನಲ್ಲಿ ಎರಡು ಜಾತಿ. ತುದಿಯ ಕಡೆ ಸಣ್ಣಗಾಗುತ್ತಾ ಹೋಗುವುದಕ್ಕೆ ವಾಷರ್ ಇಲ್ಲ, ಬಿಗಿಯುತ್ತಾ ಹೋದಂತೆ ತಾನೇ ಬಿರಡೆಯಂತೆ ಕೂರುತ್ತದೆ. ಸಮ ಇರುವುದಕ್ಕೆ ತಾಮ್ರದ ವಾಷರ್ ಬೇಕು. ವಾಷರ್ ಹೊಸದೇ ಹಾಕಿ. ಸಿಗದಿದ್ದರೆ ಹಳೆಯದನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ, ಮೆತ್ತಗಾಗಿ ಮತ್ತೆ ಚೆನ್ನಾಗಿ ಕೂರುತ್ತದೆ. ಕುಳ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ, ತಾಮ್ರ ಅದಕ್ಕೆ ಉಲ್ಟಾ. ಕಮ್ಮಾರರನ್ನು ಕೇಳಿ ನೋಡಿ, ನಗುತ್ತಾ ಹೇಳುತ್ತಾರೆ.

ಟೇಪು, ಅಂಟು ಸುತ್ತುವ ಆಸೆ ಬೇಡ. ಇಂಜಿನ್ ಮೈಯೇ ಎರಡನೇ ವೈರು ಅಂತ ಹೇಳಿದೆನಲ್ಲ. ಟೇಪು ಆ ವೈರನ್ನೇ ಕತ್ತರಿಸಿದ ಹಾಗೆ. ಬಿಗಿ ಮಾಡುವಾಗ ಸ್ಪಾನರಿನ ನಡುವೆ ಹಿಡಿಯಿರಿ, ತುದಿ ಹಿಡಿದು ಮೈಭಾರ ಹಾಕಬೇಡಿ. ಥರ್ಮೋಸ್ಟಾಟ್ ಮನೆ ಅಲ್ಯೂಮಿನಿಯಂನದ್ದಾದರೆ ಥ್ರೆಡ್ಡು ಬೇಗ ಕಿತ್ತುಬರುತ್ತದೆ. ವೈರಿನ ತುದಿಯ ಕಿಲುಬನ್ನು ಉಪ್ಪುಕಾಗದದಿಂದ ಉಜ್ಜಿ ಸಿಕ್ಕಿಸಿ, ವೈರು ಸೈಲೆನ್ಸರ್ ಪೈಪಿಗೂ ಫ್ಯಾನಿಗೂ ತಾಗದ ಹಾಗೆ ಕಟ್ಟಿ.

ನೀರು ತುಂಬುವುದು

ಇಲ್ಲಿ ಅವಸರ ಮಾಡುವವರೇ ಹೆಚ್ಚು. ತುಂಬುವಾಗ ಒಳಗೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಗಾಳಿಯ ಗುಳ್ಳೆ ಮೇಲೇರಿ ಸೆನ್ಸರಿನ ಬುಡದಲ್ಲೇ ಕೂರಬಹುದು, ಆಗ ಹೊಸ ಸೆನ್ಸರೂ ಸುಳ್ಳು ಹೇಳುತ್ತದೆ. ನಿಧಾನ ತುಂಬಿ, ಮುಚ್ಚಳ ತೆಗೆದೇ ಇಂಜಿನ್ ಚಾಲೂ ಮಾಡಿ ಸಣ್ಣಗೆ ಓಡಲು ಬಿಡಿ. ಸ್ವಲ್ಪ ಹೊತ್ತಿಗೆ ಥರ್ಮೋಸ್ಟಾಟ್ ತೆರೆಯುತ್ತದೆ. ಮೇಲಿನ ಹೋಸ್ ಒಮ್ಮೆಲೇ ಬಿಸಿಯಾಗುವುದು ಅದರ ಗುರುತು. ಗುಳ್ಳೆ ಬಂದು ನೀರು ಕೆಳಗೆ ಹೋಗುತ್ತದೆ. ಮತ್ತೆ ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಈ ಹೊತ್ತಿನಲ್ಲಿ ಮುಖ ಬಾಯಿಯ ಮೇಲೆ ಬಗ್ಗಿಸಬೇಡಿ. ಸೆನ್ಸರಿನ ಸುತ್ತ ಒಣ ಬೆರಳು ಆಡಿಸಿ ತೇವ ಇದೆಯಾ ನೋಡಿ.

ಯಾವ ನೀರು ಅನ್ನುವುದು ನಮ್ಮ ಕಡೆ ದೊಡ್ಡ ಪ್ರಶ್ನೆ. ನಮ್ಮ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪಿನಲ್ಲಿ ನೊರೆ ಬರುವುದಿಲ್ಲ. ಅದೇ ನೀರನ್ನು ರೇಡಿಯೇಟರಿಗೆ ಸುರಿಯುತ್ತೇವೆ. ಚಹಾ ಕಾಸುವ ಪಾತ್ರೆಗೆ ಹಿಡಿಯುವ ಬಿಳಿ ಚಕ್ಕೆಯೇ ಇಂಜಿನ್ನಿನ ನೀರಿನ ದಾರಿಗೂ ಸೆನ್ಸರಿನ ಬುಡಕ್ಕೂ ಹಿಡಿಯುತ್ತದೆ. ಚಕ್ಕೆ ಬಿಸಿಯನ್ನು ತಡೆಯುತ್ತದೆ. ಒಳಗಡೆ ಕಬ್ಬಿಣದ ಬಿಸಿ ನೀರಿಗೆ ಬೇಗ ಬರುವುದಿಲ್ಲ, ನೀರಿನ ಬಿಸಿ ಸೆನ್ಸರಿಗೆ ತಡವಾಗಿ ಬರುತ್ತದೆ. ಎರಡೂ ಕಡೆ ಮೋಸ. ಮಳೆನೀರು ಇದಕ್ಕೆ ಚಿನ್ನದಂಥದ್ದು. ಮೊದಲ ಮಳೆಯ ಕೊಳೆ ಹೋದ ಮೇಲೆ ತಗಡಿನ ಮಾಳಿಗೆಯಿಂದ ಎರಡು ಕೊಡ ಹಿಡಿದು ಸೋಸಿ, ಮುಚ್ಚಿಟ್ಟುಕೊಂಡರೆ ಒಂದು ಟ್ರ್ಯಾಕ್ಟರಿಗೆ ವರ್ಷಕ್ಕೆ ಸಾಕು. ಹಿಮ ಬೀಳುವ ದೇಶದವರಿಗೆ ಮಾತ್ರ ಕೂಲಂಟ್ ಬೇಕು, ನಮಗ್ಯಾಕೆ ಅನ್ನುವವರಿದ್ದಾರೆ. ಹೆಪ್ಪುಗಟ್ಟುವ ಭಯ ನಮಗಿಲ್ಲ, ನಿಜ. ಆದರೆ ಅದರಲ್ಲಿ ತುಕ್ಕು ತಡೆಯುವ ಔಷಧಿ ಇದೆ, ಅರ್ಧಕ್ಕರ್ಧ ಬೆರೆಸಿದರೆ ಕುದಿಯುವ ಬಿಸಿಯೂ ಐದಾರು ಡಿಗ್ರಿ ಮೇಲೆ ಹೋಗುತ್ತದೆ. ಬೆರೆಸುವ ಪ್ರಮಾಣ ಡಬ್ಬಿಯ ಮೇಲೆ ಇರುತ್ತದೆ, ಮೊದಲೇ ನೀರು ಬೆರೆಸಿ ಮಾರುವುದೂ ಉಂಟು, ಅದಕ್ಕೆ ಮತ್ತೆ ನೀರು ಹಾಕಬೇಡಿ.

ಹೊಸ ಸೆನ್ಸರ್ ಹಾಕಿ, ನೀರು ಸರಿಮಾಡಿ, ಮುಳ್ಳು ಆದರೂ ಮೇಲೇ ಹೋಗುತ್ತಿದ್ದರೆ ಅದು ನಿಜಕ್ಕೂ ಬಿಸಿ. ಆಗ ರೇಡಿಯೇಟರಿನ ಜಾಲರಿ ನೋಡಿ. ರಾಶಿ ಮಾಡಿದ ಮರುದಿನ ಹೊಟ್ಟು, ಜೋಳದ ಸುಂಕು ಕಂಬಳಿಯಂತೆ ಮುಚ್ಚಿರುತ್ತದೆ. ಫ್ಯಾನಿನ ಕಡೆಯಿಂದ ಮುಂದಕ್ಕೆ ಗಾಳಿ ಹೊಡೆದು ತೆಗೆಯಬೇಕು, ಮುಂದಿನಿಂದ ಹೊಡೆದರೆ ಇನ್ನೂ ಒಳಗೆ ಹೋಗಿ ಕೂರುತ್ತದೆ. ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಒಂದು ಬೆರಳಿನ ದಪ್ಪದಷ್ಟು ಬಗ್ಗಬೇಕು, ಜೋತಾಡಬಾರದು.

ಎಲ್ಲ ಸರಿಯಾದ ಮೇಲೆ ಒಂದು ದಿನ ನೀವೇ ಓಡಿಸಿ. ಖಾಲಿ ಓಡುವಾಗ, ನೇಗಿಲು ಹಾಕಿದಾಗ, ಮಧ್ಯಾಹ್ನದ ಬಿಸಿಲಿನಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ. ಒಂದೊಂದು ಗಾಡಿಗೆ ಒಂದೊಂದು ಜಾಗ. ಆ ಜಾಗದ ಎರಡೂ ಬದಿಗೆ ಮೀಟರಿನ ಗಾಜಿನ ಮೇಲೆ ಬಣ್ಣದಲ್ಲಿ ಸಣ್ಣ ಗೀಟು ಎಳೆಯಿರಿ, ಉಗುರು ಬಣ್ಣವಾದರೂ ನಡೆಯುತ್ತದೆ. ಓದು ಬಾರದ ಕೂಲಿ ಹುಡುಗನಿಗೂ ಹೇಳಬಹುದು: ಬಿಸಿಯಾದ ಮೇಲೆ ಮುಳ್ಳು ಈ ಎರಡು ಗೀಟಿನ ಒಳಗೆ ಇರಬೇಕು, ಮೇಲೆ ಹೋದರೂ ನಿಲ್ಲಿಸು, ಕೆಳಗೆ ಬಂದರೂ ನಿಲ್ಲಿಸು, ಆಮೇಲೆ ನನ್ನನ್ನು ಕರೆ.